ಮರೆಯಲಾರದ ರಾಗಿ

ರಾಗಿಗೆ ನೆನಪಿನ ಶಕ್ತಿ ಕೊಟ್ಟವಳು ಡಾಕ್ಟರ್ ವನಮಾಲ. ಕೊಟ್ಟ ಹೊಸದರಲ್ಲಿ ನಾಡಿಗೆ ನಾಡೇ ಆಕೆಯನ್ನು ಹೊತ್ತು ಮೆರೆಸಿತು. ಕೊಟ್ಟದ್ದನ್ನು ವಾಪಸು ಪಡೆಯುವುದು ಹೇಗೆ ಎಂದು ಆಗ ಯಾರೂ ಕೇಳಲಿಲ್ಲ. ಆಕೆಯೂ ತನ್ನನ್ನು ಕೇಳಿಕೊಳ್ಳಲಿಲ್ಲ, ಅಷ್ಟು ಸಂಭ್ರಮ.

ಗಿಡಕ್ಕೆ ಮಿದುಳಿಲ್ಲ, ಆದರೂ ಅದಕ್ಕೊಂದು ಬಗೆಯ ನೆನಪಿದೆ. ಒಂದು ಎಲೆಗೆ ರೋಗ ತಗಲಿದರೆ ಆ ಎಲೆ ಸುಮ್ಮನೆ ಸಾಯುವುದಿಲ್ಲ. ಸಾಯುವ ಮೊದಲು ಒಳಗಿನ ರಸದ ಮೂಲಕ ಉಳಿದ ಎಲೆಗಳಿಗೆ ಸುದ್ದಿ ಮುಟ್ಟಿಸುತ್ತದೆ. ಗಾಳಿಗೆ ಒಂದು ಆವಿ ಬಿಟ್ಟು ಪಕ್ಕದ ಗಿಡಗಳನ್ನೂ ಎಚ್ಚರಿಸುತ್ತದೆ. ಸುದ್ದಿ ಕೇಳಿದ ಎಲೆಗಳು ಬಾಗಿಲು ಭದ್ರ ಮಾಡಿಕೊಳ್ಳುತ್ತವೆ, ಕಹಿ ರಸ ತುಂಬಿಕೊಳ್ಳುತ್ತವೆ. ಅದೇ ರೋಗ ಎರಡನೇ ಸಲ ಬಂದರೆ ಗಿಡ ಬಗ್ಗುವುದಿಲ್ಲ. ಈ ಎಚ್ಚರದ ಗುರುತು ಬೀಜಕ್ಕೂ ಇಳಿಯುತ್ತದೆ, ಮರಿಗಿಡವೂ ಸ್ವಲ್ಪ ಹುಷಾರಾಗಿಯೇ ಹುಟ್ಟುತ್ತದೆ. ಆದರೆ ಒಂದೆರಡು ತಲೆಮಾರು ರೋಗ ಬಾರದೆ ಹೋದರೆ ಗುರುತು ತಾನಾಗಿ ಅಳಿಸಿಹೋಗುತ್ತದೆ. ಗಿಡ ಮರೆಯುತ್ತದೆ.

ಈ ಮರೆವನ್ನು ವನಮಾಲ ಒಂದು ಕೊರತೆ ಎಂದುಕೊಂಡಳು. ರಾಗಿಗೆ ಬೆಂಕಿ ರೋಗ ಬಂದರೆ ತೆನೆಯ ಕತ್ತು ಕಪ್ಪಾಗಿ ಮುರಿದು ಜೋತು ಬೀಳುತ್ತದೆ. ಅರ್ಧಕ್ಕರ್ಧ ಬೆಳೆ ಮಣ್ಣುಪಾಲು. ಗುರುತು ಅಳಿಸುವ ಆ ಒಳಗಿನ ಕೈಯನ್ನೇ ಕಟ್ಟಿಹಾಕಿದರೆ? ಹನ್ನೆರಡು ವರ್ಷ ಒದ್ದಾಡಿ ಒಂದು ದ್ರಾವಣ ಮಾಡಿದಳು. ಬಿತ್ತುವ ಮೊದಲು ಬೀಜವನ್ನು ಒಂದು ಹಗಲು ಅದರಲ್ಲಿ ನೆನೆಸಿದರೆ ಸಾಕು, ಆ ರಾಗಿಯ ವಂಶ ಇನ್ನೆಂದೂ ಮರೆಯುವುದಿಲ್ಲ. ಕಾಗದದಲ್ಲಿ ಅದರ ಹೆಸರು ‘ಸ್ಮೃತಿ’. ಹಳ್ಳಿಗಳಲ್ಲಿ ಅದಕ್ಕೆ ಜ್ಞಾಪಕದ ನೀರು ಎಂದರು.

ಆರು ವರ್ಷ ಬೆಂಕಿ ರೋಗದ ಸುಳಿವಿಲ್ಲ. ಏಳನೆಯ ವರ್ಷ ತೆನೆ ಕೊಂಚ ಗಿಡ್ಡವಾಯಿತು. ಎಂಟನೆಯ ವರ್ಷ ದನಗಳು ರಾಗಿ ಹುಲ್ಲನ್ನು ಮೂಸಿ ಮುಖ ತಿರುಗಿಸಿದವು, ಅಷ್ಟು ಕಹಿ. ಹನ್ನೊಂದನೆಯ ವರ್ಷ ಹೊಲಗಳು ಎದೆಯುದ್ದ ಬೆಳೆದು ಕಡು ಹಸಿರಾಗಿ ನಿಂತವು, ಒಂದು ಚುಕ್ಕೆ ರೋಗವಿಲ್ಲ, ಒಂದು ತೆನೆಯೂ ಇಲ್ಲ. ಪ್ರತಿ ತಲೆಮಾರೂ ತನ್ನ ಭಯವನ್ನು ಹಿಂದಿನ ಭಯದ ಮೇಲೆ ಪೇರಿಸುತ್ತ ಹೋಗಿತ್ತು. ಇದ್ದ ಶಕ್ತಿಯನ್ನೆಲ್ಲ ಕಾವಲಿಗೆ ಸುರಿದ ಗಿಡಕ್ಕೆ ಕಾಳು ಕಟ್ಟಲು ಏನೂ ಉಳಿದಿರಲಿಲ್ಲ. ಜ್ಞಾಪಕದ ನೀರು ಕಾಣದ ಹೊಲಗಳೂ ಉಳಿಯಲಿಲ್ಲ. ಗಾಳಿಯಲ್ಲಿ ತೇಲಿ ಬರುವ ಎಚ್ಚರಿಕೆಯ ಆವಿಗೆ ಅವೂ ಬಂಜೆಯಾದವು. ಬೀಜ ಭಂಡಾರದ ಬೀಜವನ್ನು ಹತ್ತು ವರ್ಷಕ್ಕೊಮ್ಮೆ ಹೊಲದಲ್ಲಿ ಬೆಳೆದು ಹೊಸದು ಮಾಡುವುದು ಪದ್ಧತಿ. ಹಾಗೆ ಹೊಸದು ಮಾಡುತ್ತಲೇ ಭಂಡಾರದಲ್ಲೂ ಭಯವನ್ನು ತುಂಬಿಟ್ಟಿದ್ದರು. ಈಗ ಪಕ್ಕದ ಜೋಳವೂ ಸಣ್ಣ ತೆನೆ ಬಿಡತೊಡಗಿದೆ ಎಂದು ಸುದ್ದಿ ಬರುತ್ತಿತ್ತು.

ಹೊತ್ತು ಮೆರೆಸಿದ ಜನ ಬೈಯಲೂ ಬರಲಿಲ್ಲ. ಅದು ವನಮಾಲಳಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಆಗ ಸಿಕ್ಕಿದ್ದು ಕಾರೇಸಂದ್ರದ ಹಗೇವು. ನೆಲದಡಿ ಗಡಿಗೆಯ ಆಕಾರಕ್ಕೆ ತೋಡಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದ ಹಳೆಯ ಕಾಲದ ಕಣಜ. ಅಣ್ಣತಮ್ಮಂದಿರ ಜಗಳದಲ್ಲಿ ಯಾರೂ ತೆಗೆಯದೆ ಬಿಟ್ಟು, ಆಮೇಲೆ ಅಂಗಳಕ್ಕೆ ಸಿಮೆಂಟು ಹಾಕಿಸಿ, ಕೊನೆಗೆ ಅದು ಅಲ್ಲಿದೆ ಎಂಬುದನ್ನೇ ಎಲ್ಲರೂ ಮರೆತಿದ್ದರು. ಚರಂಡಿ ತೋಡುವಾಗ ಗುದ್ದಲಿ ಚಪ್ಪಡಿಗೆ ಬಡಿಯಿತು. ಸ್ಮೃತಿಗಿಂತ ಮೊದಲಿನ ರಾಗಿ! ಮನುಷ್ಯರು ಮರೆತಿದ್ದರಿಂದಲೇ ಅದು ಉಳಿದಿತ್ತು.

ಆದರೆ ಹಗೇವಿನ ರಾಗಿ ಉಣ್ಣುವುದಕ್ಕೆ, ಬಿತ್ತುವುದಕ್ಕಲ್ಲ. ಉಸಿರಾಡದ ಕತ್ತಲಲ್ಲಿ ಹಿಟ್ಟು ಕೆಡುವುದಿಲ್ಲ, ಜೀವ ಮಾತ್ರ ಹೋಗಿರುತ್ತದೆ. ನಲವತ್ತು ಸಾವಿರ ಕಾಳನ್ನು ಒದ್ದೆ ಬಟ್ಟೆಯ ಮೇಲೆ ಹರಡಿದರು. ಇಪ್ಪತ್ತಮೂರು ಮೊಳೆತವು.

ಅದರಲ್ಲೂ ಕಾಡುರಾಗಿ ಬೆರೆತಿತ್ತು. ಎಳೆಯದರಲ್ಲಿ ಎರಡಕ್ಕೂ ವ್ಯತ್ಯಾಸ ತಿಳಿಯುವುದು ಬಲು ಕಷ್ಟ. ಎಲೆ ಕಿತ್ತು ಪರೀಕ್ಷೆ ಮಾಡೋಣವೆಂದರೆ ಗಾಯ ಮಾಡಿದಂತೆ, ಗಿಡ ಹೆದರುತ್ತದೆ. ಸಂಶೋಧನಾ ಕೇಂದ್ರದಲ್ಲಿ ನಲವತ್ತು ವರ್ಷ ಕಳೆ ಕಿತ್ತು ಮನೆ ಸೇರಿದ್ದ ಹೊಂಬಾಳಮ್ಮನನ್ನು ಕರೆಸಿದರು. ಎಪ್ಪತ್ತರ ಹೆಂಗಸು, ಓದು ಬರಹ ಬಾರದು. ಕುಂಡಗಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಬುಡವನ್ನು ಬೆರಳ ತುದಿಯಲ್ಲಿ ಸೋಕಿ ಸೋಕಿ, ಅರ್ಧ ಗಂಟೆಯಲ್ಲಿ ಹನ್ನೆರಡು ಸಸಿ ಕಿತ್ತು ಪಕ್ಕಕ್ಕಿಟ್ಟಳು.

“ಇವು ಬುಡ ಚಪ್ಪಟೆ ಅಮ್ಮಾವ್ರೆ, ಬೆಳ್ಳಿ ಬಳಿದಂಗೈತೆ. ಉಳಿದ ಹನ್ನೊಂದೂ ನಮ್ಮವೇ,” ಎಂದಳು.

ಇಡೀ ನಾಡಿನಲ್ಲಿ ಹೆದರಿಕೆ ಎಂದರೇನೆಂದು ತಿಳಿಯದ ರಾಗಿ ಉಳಿದಿದ್ದು ಆ ಹನ್ನೊಂದು ಗಿಡ. ಅವು ತೆನೆ ಬಿಟ್ಟು ಕಾಳು ಕಟ್ಟಿದರೆ ರಾಗಿ ಉಳಿಯಿತು, ಇಲ್ಲದಿದ್ದರೆ ಇಲ್ಲ.

ಅವುಗಳಿಗೆಂದೇ ಒಂದು ಗಾಜಿನ ಕೋಣೆ ಕಟ್ಟಿದರು. ಹೊರಗಿನ ಗಾಳಿ ಇದ್ದಿಲಿನ ಮೂರು ಪದರ ದಾಟಿಯೇ ಒಳಬರಬೇಕು. ಪಕ್ಕದ ನಿಯಂತ್ರಣ ಕೊಠಡಿಯಲ್ಲಿ ಅಸ್ಲಂ ಎಂಬ ತಂತ್ರಜ್ಞ ಪರದೆಗಳ ಮುಂದೆ ಕೂರುತ್ತಿದ್ದ. ಗಿಡಗಳ ನಡುವೆ ತೂಗುಹಾಕಿದ ಒಂದು ಯಂತ್ರ ಗಳಿಗೆಗೊಮ್ಮೆ ಗಾಳಿಯನ್ನು ಮೂಸುತ್ತಿತ್ತು. ಅದಕ್ಕೆ ಅವರು ‘ಮೂಗು’ ಎಂದೇ ಹೆಸರಿಟ್ಟಿದ್ದರು. ವನಮಾಲಳಿಗೂ ಅದೇ ಮೂಗು. ಕಾಲೇಜು ಓದುವಾಗ ಊರಿಗೆಲ್ಲ ಬಂದ ಜ್ವರ ಆಕೆಗೂ ಬಂದು ವಾಸಿಯಾಗಿತ್ತು; ವಾಸನೆ ಮಾತ್ರ ಹೋದದ್ದು ಮತ್ತೆ ಬರಲಿಲ್ಲ.

ದಿನಕ್ಕೆರಡು ಸಲ ಒಳಹೋಗಿ ಗಿಡ ಸೋಕಿ ನೋಡುವ ಕೆಲಸ ಹೊಂಬಾಳಮ್ಮನದು. ಮೊದಲ ದಿನ ಬಾಗಿಲ ಮೇಲಿನ ಫಲಕವನ್ನು ವನಮಾಲಳೇ ಓದಿ ಹೇಳಿದಳು. “ಎಲೆ ಅಡಿಕೆ ಹಾಕಬಾರದು. ಹೂ ಮುಡಿಯಬಾರದು. ನೋವಿಗೆ ಮುಲಾಮು ಹಚ್ಚಬಾರದು. ಸೋಪು ಹಾಕಿ ಕೈ ತೊಳೆದು, ನಾವು ಕೊಟ್ಟ ಕೋಟು ಹಾಕ್ಕೊಂಡೇ ಬರಬೇಕು.”

“ಎಲೆ ಅಡಿಕೆನೂ ಬ್ಯಾಡ್ವಾ? ಅದ್ಯಾಕವ್ವ?”

“ಅದೆಲ್ಲ ನಿಮಗೆ ಅರ್ಥ ಆಗಲ್ಲ ಹೊಂಬಾಳಮ್ಮ. ಹೇಳಿದಷ್ಟು ಮಾಡಿ.”

ಐವತ್ತು ವರ್ಷದ ಎಲೆ ಅಡಿಕೆಯ ಚಟವನ್ನು ಆ ಹೆಂಗಸು ಅಂದೇ ಬಿಟ್ಟಳು. ಸೆರಗಿನ ಗಂಟಿನಲ್ಲಿದ್ದ ಸುಣ್ಣದ ಡಬ್ಬಿಯನ್ನು ಬಾಗಿಲ ಕಾವಲಿನವನಿಗೆ ಕೊಟ್ಟು ಒಳಗೆ ಬಂದಳು.

ಮನೆಯಲ್ಲಿ ವನಮಾಲಳ ಗಂಡ ಪಾಲಾಕ್ಷನ ಮಂಡಿ ದಿನೇ ದಿನೇ ಹಟ ಮಾಡುತ್ತಿತ್ತು. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಪಿ.ಟಿ. ಮೇಷ್ಟ್ರಾಗಿ ಹುಡುಗರ ಜೊತೆ ಕುಣಿದದ್ದರ ಫಲ. ಮನೆಯಲ್ಲಿ ಮುಲಾಮು ಮುಟ್ಟುವಂತಿಲ್ಲ. ಹೆಂಡತಿಯ ಸೀರೆಗೆ ಅಂಟಿಕೊಂಡು ಕೇಂದ್ರಕ್ಕೆ ಹೋದೀತು. ಬಾಣಲೆಯಲ್ಲಿ ಉಪ್ಪು ಹುರಿದು, ಬಟ್ಟೆಯಲ್ಲಿ ಕಟ್ಟಿ, ವನಮಾಲ ಅವನ ಮಂಡಿಗೆ ಶಾಖ ಕೊಡುತ್ತಿದ್ದಳು.

“ಅಲ್ಲ ಕಣೆ ವನೂ, ನನ್ನ ಮಂಡಿಗೂ ನಿನ್ನ ರಾಗಿಗೂ ಏನೇ ಸಂಬಂಧ?”

“ರೋಗ ಬಂದ ಗಿಡ ಗಾಳಿಗೆ ಬಿಡೋ ಆವಿ ಇದೆಯಲ್ಲ, ಅದೂ ಮುಲಾಮಿನ ಘಾಟೂ ಒಂದೇ ವಸ್ತು ಕಣ್ರಿ. ಹೆಸರೂ ಒಂದೇ, ಗುಣವೂ ಒಂದೇ. ನೀವು ಮುಲಾಮು ಹಚ್ಕೊಂಡು ಹೋಗಿ ಅಲ್ಲಿ ನಿಂತರೆ, ಪಕ್ಕದ ಹೊಲಕ್ಕೆಲ್ಲ ರೋಗ ಬಂದಿದೆ ಅಂತ ಆ ಗಿಡಗಳಿಗೆ ಅನ್ನಿಸುತ್ತೆ.”

“ಅಂದ್ರೆ ಇಷ್ಟು ವರ್ಷ ನಾನು ಗಿಡದ ಕಿರುಚಾಟಾನ ಮಂಡಿಗೆ ತಿಕ್ಕೊಂಡಿದ್ದೀನಿ ಅನ್ನು,” ಎಂದು ಪಾಲಾಕ್ಷ ನಕ್ಕ. “ಎಷ್ಟು ಚೆನ್ನಾಗಿ ಹೇಳ್ತೀಯ. ನೀನು ಮೇಷ್ಟ್ರಾಗಬೇಕಿತ್ತು.”

ಊಟಕ್ಕೆ ಪಡಿತರದ ಹಿಟ್ಟಿನ ಮುದ್ದೆ. ಮುಸುಕಿನ ಜೋಳವೂ ಮರಗೆಣಸೂ ಬೆರೆಸಿದ ಹಿಟ್ಟು; ಕಟ್ಟಿದರೆ ನಿಲ್ಲದು, ತಟ್ಟೆಯಲ್ಲಿ ಹರಡಿಕೊಳ್ಳುತ್ತದೆ. ಮೊದಲು ಬೈಯುತ್ತಿದ್ದ ಜನ ಈಗ ಅದಕ್ಕೇ ಒಗ್ಗಿದ್ದರು. ಈಚಿನ ಮಕ್ಕಳಿಗೆ ಮುದ್ದೆ ನುಂಗುವುದೇ ಗೊತ್ತಿಲ್ಲ, ಅನ್ನದಂತೆ ಅಗಿಯುತ್ತವೆ ಎಂದು ಪಾಲಾಕ್ಷ ಗೊಣಗುತ್ತಿದ್ದ. ವನಮಾಲ ತಲೆ ಬಗ್ಗಿಸಿ ಉಣ್ಣುತ್ತಿದ್ದಳು.

ಐವತ್ತೊಂಬತ್ತನೆಯ ದಿನ ಗಾಜಿನ ಕೋಣೆಯೊಳಗಿಂದ ಹೊಂಬಾಳಮ್ಮ ಕೈಯಾಡಿಸಿ ಕರೆದಳು. ವನಮಾಲ ಕೋಟು ತೊಟ್ಟು ಓಡಿದಳು.

“ಇಲ್ಲಿ ಮುಟ್ಟಿ ನೋಡ್ರವ್ವ. ಮೆತ್ತಗೆ, ಮೆತ್ತಗೆ. ಗರಿಯೊಳಗೆ ಉಬ್ಬಿಲ್ವಾ? ಹೊಡೆ ಆಗೈತೆ. ಬಸುರಿ ಹೊಟ್ಟೆ ಇದ್ದಂಗೈತೆ. ಏಳು ಗಿಡ ಆಗವೆ, ಉಳಿದವು ಎರಡು ದಿನ ಹಿಂದೆ.”

ಎಲೆಯ ಮಡಿಕೆಯೊಳಗೆ ಇನ್ನೂ ಹೊರಬರದ ತೆನೆ. ಹತ್ತಿಯಷ್ಟು ಮೆತ್ತಗೆ ಬೆರಳಿಗೆ ಸಿಕ್ಕಿತು. ವನಮಾಲಳಿಗೆ ಅಳು ಬಂದುಬಿಟ್ಟಿತು. ಎಷ್ಟೋ ವರ್ಷದಿಂದ ಹೊಡೆಯಾದ ರಾಗಿಯನ್ನು ಅವಳು ಮುಟ್ಟಿರಲಿಲ್ಲ. ಹೊಂಬಾಳಮ್ಮ ಎದ್ದು ನಿಲ್ಲಲು ಹೋಗಿ ಕುಂಡದ ಅಂಚು ಹಿಡಿದು ಮುಲುಗಿದಳು.

“ಕಾಲು ನೋವಾ?”

“ವಯಸ್ಸಾಯ್ತಲ್ಲವ್ವ. ಇರ್ಲಿ, ತೆನೆ ಕಣ್ಣು ಬಿಡೋವರ್ಗೂ ಈ ಮಂಡಿ ಬಗ್ಗಿದ್ರೆ ಸಾಕು.”

ಬಗ್ಗಬೇಕಲ್ಲ ಎಂಬುದೇ ಹೊಂಬಾಳಮ್ಮನಿಗೆ ಹಗಲೂ ಇರುಳೂ ಚಿಂತೆಯಾಯಿತು.

ಅರವತ್ತೆರಡನೆಯ ದಿನ ಬೆಳಿಗ್ಗೆ ಹೊಂಬಾಳಮ್ಮ ಎಂದಿಗಿಂತ ಚುರುಕಾಗಿ ಮೆಟ್ಟಿಲು ಹತ್ತಿ ಬಂದಳು. ಬಾಗಿಲಲ್ಲಿ ಎದುರಾದ ವನಮಾಲ, “ಇವತ್ತು ಕಾಲು ಪರವಾಗಿಲ್ವಾ?” ಎಂದು ಕೇಳಿದಳು. “ಭಗವಂತ ದೊಡ್ಡೋನು,” ಎಂದು ಆಕೆ ನಕ್ಕಳು. ಕೈ ತೊಳೆದು, ಕೋಟು ತೊಟ್ಟು ಒಳಗೆ ಹೋದಳು. ಅಷ್ಟು ಹತ್ತಿರ ನಿಂತು ಮಾತಾಡಿದರೂ ವನಮಾಲಳಿಗೆ ಏನೂ ತಿಳಿಯಲಿಲ್ಲ. ನಿಯಂತ್ರಣ ಕೊಠಡಿಯ ಅಸ್ಲಂ ದಪ್ಪ ಗಾಜಿನಾಚೆ ಕೂತಿದ್ದ, ಅವನಿಗೂ ತಿಳಿಯುವಂತಿರಲಿಲ್ಲ. ಕಾವಲಿನವನಿಗೆ ಘಾಟು ತಿಳಿಯಿತು. ಆದರೆ ಮುದುಕಿಯರ ಮೈಯಿಂದ ಎಣ್ಣೆಯ ವಾಸನೆ ಬರುವುದು ಅವನಿಗೇನು ಹೊಸದೇ? ಅವನಿಗೂ ಯಾರೂ ಏನೂ ವಿವರಿಸಿರಲಿಲ್ಲ.

ನಾಲ್ಕನೆಯ ಕುಂಡದ ಮುಂದೆ ಹೊಂಬಾಳಮ್ಮ ಕೂತಾಗ ಮೂಗು ಕಿರುಚಿಕೊಂಡಿತು.

“ಮೇಡಂ! ಆವಿ ಲೆಕ್ಕ ಎಂಬತ್ತು ಪಟ್ಟು ಏರಿದೆ! ಫಿಲ್ಟರ್ ಎಲ್ಲ ಸರಿಯಾಗೇ ಇದೆ, ಇದು ಒಳಗಿಂದಾನೇ ಬರ್ತಿರೋದು!” ಎಂದು ಅಸ್ಲಂ ಕೂಗಿದ.

ವನಮಾಲ ಗಾಜಿನ ಕಡೆ ನೋಡಿದಳು. ಹೊಂಬಾಳಮ್ಮ ಗಿಡದ ಪಕ್ಕ ಸಲೀಸಾಗಿ ಕುಕ್ಕರು ಕೂತಿದ್ದಳು. ಎಷ್ಟೋ ವಾರಗಳಿಂದ ಈಚೆಗೆ ಹಾಗೆ ಕೂತದ್ದು ಅದೇ ಮೊದಲು. ಒಳಗೆ ನುಗ್ಗಿ ಆಕೆಯ ರಟ್ಟೆ ಹಿಡಿದು ಎಬ್ಬಿಸಿ ಹೊರಗೆ ಎಳೆದುಕೊಂಡು ಬಂದಳು. ಅಸ್ಲಂ ಗಾಜಿನ ಕೋಣೆಯ ಗಾಳಿಯನ್ನೆಲ್ಲ ಹೀರಿ ಹೊಸ ಗಾಳಿ ತುಂಬಿದ. ಹನ್ನೊಂದು ನಿಮಿಷ ಹಿಡಿಯಿತು. ಗಿಡಕ್ಕೆ ಸುದ್ದಿ ಮುಟ್ಟಲು ಅಷ್ಟು ಬೇಕಾಗಿರಲಿಲ್ಲ.

ಏನಾಯಿತೆಂದು ಹೊಂಬಾಳಮ್ಮ ಕೇಳಿದಳು. “ಮನೆಗೆ ಹೋಗಿ, ಆಮೇಲೆ ಹೇಳಿ ಕಳಿಸ್ತೀನಿ,” ಎಂದಳು ವನಮಾಲ. ಆಗಲೂ ಕಾರಣ ಹೇಳಲಿಲ್ಲ.

ಮೂರನೆಯ ದಿನ ಎಲೆಗಳ ಬಣ್ಣ ಒಂದಿಷ್ಟು ಕಪ್ಪಾಯಿತು. ಎಂದೂ ಹೆದರಿ ಅಭ್ಯಾಸವಿಲ್ಲದ ಗಿಡಗಳು ಮೊದಲ ಸಲ ಹೆದರಿದಾಗ ವಿಪರೀತವಾಗಿಯೇ ಹೆದರಿದವು. ಒಂದು ವಾರದಲ್ಲಿ ಗರಿಯೊಳಗಿನ ಉಬ್ಬು ಇಳಿಯಿತು. ವನಮಾಲ ಒಂದು ಗರಿಯನ್ನು ಬಿಡಿಸಿ ನೋಡಿದಳು. ಒಳಗೆ ಕಂದು ಬಣ್ಣದ, ನಾರಿನಂಥ ಒಣಗಿದ ಎಳೆ. ಹನ್ನೊಂದರಲ್ಲೂ ಅದೇ. ಬುಡದಲ್ಲಿ ಹೊಸ ಕವಲು ಒಡೆದೀತೆಂದು ಇನ್ನೂ ಐದು ವಾರ ಕಾದರು. ಒಂದೇ ಗಿಡ ಒಡೆಯಿತು, ಗಿಡ್ಡ ತೆನೆಯೊಂದನ್ನು ಬಿಟ್ಟಿತು. ಹಿಸುಕಿದರೆ ಬರೀ ಜೊಳ್ಳು. ಹಗೇವಿನ ಉಳಿದ ರಾಗಿಯನ್ನೆಲ್ಲ ಒದ್ದೆ ಬಟ್ಟೆಗೆ ಹಾಕಿ ನೋಡಿದರು, ತಳದ ಕಾವಿಗೆ ಸಿಕ್ಕಿ ಮೊಳೆಯುವ ಆಸೆಯೇ ಇಲ್ಲದ ಒಂದು ಮೂಟೆಯಷ್ಟು ಬಿಟ್ಟು. ಹಗೇವು ತೆರೆದು ಗಾಳಿಯಾಡಿದ ಮೇಲೆ ಅಳಿದುಳಿದ ಜೀವವೂ ಹೋಗಿತ್ತು, ಒಂದೂ ಮೊಳೆಯಲಿಲ್ಲ.

ರಾಗಿಯ ಗಿಡ ನಾಲ್ಕು ತಿಂಗಳಿನದು. ಅದಕ್ಕೆ ಮುಂದಿನ ವರ್ಷವೆಂಬುದಿಲ್ಲ.

ರಾಜಧಾನಿಯಿಂದ ಕಾರಣ ಕೇಳಿ ಪತ್ರ ಬಂತು. ‘ಕೆಲಸದಾಕೆಯ ಅಜಾಗರೂಕತೆ’ ಎಂದು ಬರೆದರೆ ಸಾಕು, ಮುಗಿಯುತ್ತದೆ ಎಂದು ಮೇಲಿನವರು ಫೋನಿನಲ್ಲೂ ಸೂಚಿಸಿದರು. ಅಸ್ಲಂ ಆ ವಾಕ್ಯವನ್ನು ಟೈಪು ಮಾಡಿಟ್ಟು, “ನೀವೇ ಒಂದು ಸಲ ನೋಡಿಬಿಡಿ ಮೇಡಂ,” ಎಂದು ಹೊರಗೆ ಹೋದ. ವನಮಾಲ ಪರದೆಯನ್ನೇ ನೋಡುತ್ತ ಕೂತಳು. ಅಷ್ಟರಲ್ಲಿ ಬಾಗಿಲಲ್ಲಿ ಹೊಂಬಾಳಮ್ಮ ಬಂದು ನಿಂತಳು. ಹೇಳಿ ಕಳಿಸುತ್ತಾರೆಂದು ಐದಾರು ವಾರ ಕಾದು ಸಾಕಾಗಿ ತಾನೇ ಬಂದಿದ್ದಳು. ಸೆರಗಿನ ಮರೆಯಿಂದ ಒಂದು ಸಣ್ಣ ಸೀಸೆ ತೆಗೆದು ಮೇಜಿನ ಮೇಲಿಟ್ಟಳು.

“ಇದೇ ತಾನೆ ಅಮ್ಮಾವ್ರೆ?”

ಬಸ್ ನಿಲ್ದಾಣದ ಹತ್ತಿರ ಗಿಡಮೂಲಿಕೆ ಮಾರುವವನು ಕೊಟ್ಟ ಎಣ್ಣೆ. ಬೆಟ್ಟದ ಮೇಲೆ ಬೆಳೆಯುವ ಗಂಧಪುರ ಎಂಬ ಗಿಡದ ಎಲೆಯಿಂದ ಇಳಿಸಿದ್ದು. ಕಾರ್ಖಾನೆಯವರು ಮುಲಾಮಿನಲ್ಲಿ ಚೂರು ಬೆರೆಸುವ ವಸ್ತು ಆ ಎಣ್ಣೆಯಲ್ಲಿ ತುಂಬಿ ತುಳುಕುತ್ತದೆ.

“ಮುಲಾಮು ಬ್ಯಾಡ ಅಂದಿದ್ರಿ, ಮುಲಾಮು ಮುಟ್ಲಿಲ್ಲ ನಾನು. ಅಂಗಡಿಯೋನ್ನ ಕೇಳೇ ತಗಂಡೆ ಕಣವ್ವ. ‘ಔಸ್ದಿ ಏನೂ ಹಾಕಿಲ್ಲ ತಾನೆ? ನಮ್ ಗಿಡಕ್ಕೆ ಆಗಲ್ಲ’ ಅಂದೆ. ‘ಇಲ್ಲಜ್ಜಿ, ಬರೀ ಎಲೆ ರಸ’ ಅಂದ. ಎಲೆದು ಎಲೆಗೆ ಏನು ಮಾಡ್ತದೆ ಅಂದ್ಕಂಡೆ. ರಾತ್ರಿ ಹಚ್ದೆ, ಬೆಳಿಗ್ಗೆ ಎದ್ದು ಮತ್ತೆ ಹಚ್ದೆ, ಮಂಡಿ ಬಗ್ತು. ತೆನೆ ಮುಟ್ಟಿ ನೋಡ್ಬೋದು ಅಂತ ಖುಸಿಯಾಯ್ತು.” ಆಕೆ ಸೀಸೆಯನ್ನು ಬೆರಳಲ್ಲಿ ಅತ್ತ ಸರಿಸಿದಳು. “ಯಾಕೆ ಅಂತ ಅವತ್ತೇ ಕೇಳಿದ್ನಲ್ಲವ್ವ. ಹೇಳಿದ್ರೆ ನಾನು ತೆವಳ್ಕೊಂಡಾದ್ರೂ ಬರ್ತಿದ್ದೆ.”

ಜ್ಞಾಪಕದ ನೀರಿನ ಡಬ್ಬಿ ಹಂಚುವಾಗಲೂ ಹಳ್ಳಿಗಳಲ್ಲಿ ಹೀಗೇ ಕೇಳಿದ್ದರು. ಗಿಡ ಮರೆಯದೆ ಹೋದರೆ ಅದಕ್ಕೆ ಸುಸ್ತಾಗುವುದಿಲ್ಲವೇ ಎಂದು ಒಬ್ಬ ರೈತ ಹೆಂಗಸು ಸಭೆಯಲ್ಲಿ ಎದ್ದು ನಿಂತು ಕೇಳಿದ್ದಳು. ಅದೆಲ್ಲ ನಿಮಗೆ ಅರ್ಥವಾಗುವುದಿಲ್ಲ ಎಂದು ಆಗಲೂ ವನಮಾಲಳೇ ಹೇಳಿ ಕೂರಿಸಿದ್ದಳು.

ಕುರ್ಚಿ ಬಿಟ್ಟು ಎದ್ದು, ಹೊಂಬಾಳಮ್ಮನನ್ನು ಅದರಲ್ಲಿ ಕೂರಿಸಿ, ತಾನು ಪಕ್ಕದಲ್ಲಿ ನೆಲದ ಮೇಲೆ ಕೂತಳು. ಎಲೆ ಸಾಯುವಾಗ ಹೇಗೆ ಕೂಗುತ್ತದೆ, ಪಕ್ಕದ ಗಿಡ ಹೇಗೆ ಕೇಳಿಸಿಕೊಳ್ಳುತ್ತದೆ, ಗುರುತು ಬೀಜಕ್ಕೆ ಹೇಗೆ ಇಳಿಯುತ್ತದೆ, ಆ ಗುರುತು ಅಳಿಯದಂತೆ ತಾನು ಏನು ಮಾಡಿದೆ, ಈ ಸೀಸೆಯಲ್ಲಿರುವುದು ಏನು, ಎಲ್ಲವನ್ನೂ ಗಂಡನಿಗೆ ಹೇಳಿದಂತೆಯೇ ಬಿಡಿಸಿ ಹೇಳಿದಳು. ಅರ್ಧ ಗಂಟೆಯೂ ಹಿಡಿಯಲಿಲ್ಲ.

ಹೊಂಬಾಳಮ್ಮ ಸೀಸೆಯನ್ನು ಎತ್ತಿ ತಿರುಗಿಸಿ ನೋಡಿದಳು. ಆಮೇಲೆ, “ಇಷ್ಟೇಯಾ?” ಎಂದಳು.

“ಇಷ್ಟೇ.”

“ಎಲ್ಲಾ ಅರ್ಥವಾಯ್ತಲ್ಲವ್ವ.”

ವನಮಾಲ ಎದ್ದು ಅಸ್ಲಂ ಬರೆದ ವಾಕ್ಯವನ್ನು ಅಳಿಸಿ ಬೇರೆ ಬರೆದಳು: ‘ಕಾರಣವನ್ನು ವಿವರಿಸದೆ ಆಜ್ಞೆ ಮಾತ್ರ ಕೊಟ್ಟದ್ದು ನನ್ನ ತಪ್ಪು. ಹೊಂಬಾಳಮ್ಮನವರದು ಯಾವ ತಪ್ಪೂ ಇಲ್ಲ.’ ಹಾಗೆ ಬರೆದುದರಿಂದ ಒಂದು ಕಾಳೂ ಮೊಳೆಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಉಳಿಸಿಟ್ಟ ಆ ಒಂದು ಮೂಟೆಯನ್ನು ಹಗೇವಿನ ಊರಿಗೇ ಕೊಟ್ಟುಬಿಡಲು ಅಪ್ಪಣೆಯಾಯಿತು. ಮನೆಗೊಂದು ಸೇರಿನಂತೆ ಹಂಚಿದರು. ಕಾರೇಸಂದ್ರ ಹೊಂಬಾಳಮ್ಮನ ತವರು. ಆಕೆಗೂ ಒಂದು ಸೇರು ಬಂತು. ಬೀಸಿ, ಮುದ್ದೆ ಕಟ್ಟಿ, ವನಮಾಲಳನ್ನೂ ಪಾಲಾಕ್ಷನನ್ನೂ ಊಟಕ್ಕೆ ಕರೆದಳು.

ಹೆಸರುಕಾಳಿನ ಸಾರಿನೊಂದಿಗೆ ಕರೀ ಗುಂಡಿನಂಥ ಮುದ್ದೆಗಳು ತಟ್ಟೆಗೆ ಬಂದವು, ಗಟ್ಟಿಯಾಗಿ ನಿಂತವು. ಪಾಲಾಕ್ಷ ಕಣ್ಣು ಮುಚ್ಚಿ ಒಂದು ತುತ್ತು ನುಂಗಿ, ಇನ್ನೊಂದು ತುತ್ತು ಮುರಿದ. ಹೊಂಬಾಳಮ್ಮನ ಮೊಮ್ಮಗಳು ತುತ್ತನ್ನು ಬಾಯಿಗಿಟ್ಟು ಅಗಿಯತೊಡಗಿದಳು.

“ಅಗೀಬ್ಯಾಡ ಕಣೆ, ನುಂಗು,” ಎಂದಳು ಅಜ್ಜಿ.

“ಯಾಕೆ?”

ಹೊಂಬಾಳಮ್ಮ ಬಾಯಿ ತೆರೆದು, ವನಮಾಲಳ ಕಡೆ ಒಮ್ಮೆ ನೋಡಿ, ಮೊಮ್ಮಗಳ ಕಡೆ ತಿರುಗಿದಳು. ಅಗಿದರೆ ಹಲ್ಲಿಗೆ ಮೆತ್ತುತ್ತದೆ, ನುಂಗಿದರೆ ಹೊಟ್ಟೆಯಲ್ಲಿ ಸಂಜೆತನಕ ನಿಲ್ಲುತ್ತದೆ, ಗೇಯುವವರಿಗೆ ಹಸಿವಾಗುವುದಿಲ್ಲ ಎಂದು ನಿಧಾನವಾಗಿ ಬಿಡಿಸಿ ಹೇಳಿದಳು. ಇನ್ನೆಂದೂ ಬೇಕಾಗದ ಆ ವಿದ್ಯೆಯನ್ನು ಮಗು ಶ್ರದ್ಧೆಯಿಂದ ಕೇಳಿಸಿಕೊಂಡು, ತುತ್ತನ್ನು ಸಾರಿನಲ್ಲಿ ಅದ್ದಿ, ಕತ್ತು ಚಾಚಿ ನುಂಗಿತು.

ವನಮಾಲ ತಟ್ಟೆಯನ್ನು ಮುಖದ ಹತ್ತಿರ ಹಿಡಿದಳು. ಬಿಸಿ ತಾಕಿತು, ಬೇರೇನೂ ಇಲ್ಲ.

“ವಾಸನೆ ಹೇಗಿದೆ ಹೊಂಬಾಳಮ್ಮ? ನನಗೆ ಗೊತ್ತಾಗಲ್ಲ. ಸ್ವಲ್ಪ ಹೇಳಿ.”

ಹೊಂಬಾಳಮ್ಮ ತನ್ನ ತಟ್ಟೆಯತ್ತ ಬಾಗಿ ಉಸಿರೆಳೆದುಕೊಂಡಳು. ಹೋಲಿಸಿ ಹೇಳೋಣವೆಂದರೆ ಏನೂ ಸಿಗಲಿಲ್ಲ.

“ಎಂಗವ್ವ ಹೇಳೋದು? ರಾಗಿ ಥರಾನೇ ಐತೆ.”